ಬಂದೂಕಿನ ಅಂಗಡಿಗೆ ಬಂದ ದೂರು: ರಸೀದಿಯಲ್ಲಿ ಬರೆಯದ ಎರಡು ಸಾಲು

"ಗ್ರಾಹಕನೇ ದೇವರು" ಎಂಬ ಫಲಕವನ್ನು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಪೇಟೆಗಳ ಅನೇಕ ಅಂಗಡಿಗಳಲ್ಲಿ ಕಾಣುತ್ತೇವೆ. ಅದರ ಪಕ್ಕದಲ್ಲಿಯೇ "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಇನ್ನೊಂದು ಫಲಕವೂ ತೂಗುತ್ತಿರುತ್ತದೆ. ದೂರು ಹೊತ್ತು ಬರುವ ಗ್ರಾಹಕನು ಈ ಎರಡು ಫಲಕಗಳ ನಡುವೆ ನಿಲ್ಲುತ್ತಾನೆ. ಅವನನ್ನು ಹೇಗೆ ಎದುರುಗೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ, ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಪರಿಚಯವಿಲ್ಲದ ಒಂದು ವ್ಯಾಪಾರವನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದು ಬಂದೂಕಿನ ವ್ಯಾಪಾರ.

ಇಂತಹ ಅಪರೂಪದ ಉದಾಹರಣೆ ಏಕೆ ಎಂದು ಓದುಗರು ಕೇಳಬಹುದು. ಕಾನೂನಿನ ಬಿಗಿ ಅತ್ಯಂತ ಹೆಚ್ಚಾಗಿರುವ ವ್ಯಾಪಾರದಲ್ಲಿ ದೂರನ್ನು ನೆಮ್ಮದಿಯಿಂದ ಪರಿಹರಿಸಲು ಸಾಧ್ಯವಾದರೆ, ಅಕ್ಕಿ ಗಿರಣಿ, ಆಲೆಮನೆ, ಪಂಪ್‌ಸೆಟ್ ದುರಸ್ತಿ, ಪ್ಲಾಸ್ಟಿಕ್ ಪೈಪಿನ ಘಟಕಗಳಲ್ಲಿ ಅದು ಅಸಾಧ್ಯವೆಂದು ಹೇಳಲು ನಮಗೆ ನೆಪ ಉಳಿಯುವುದಿಲ್ಲ ಎಂಬುದೇ ನನ್ನ ಉತ್ತರ.

ಬೇರೆ ಸರಕಿನಂತಲ್ಲ

ಅಚ್ಚುಬೆಲ್ಲದ ಬಣ್ಣ ಸರಿಯಿಲ್ಲವೆಂದು ಗ್ರಾಹಕ ಹೇಳಿದರೆ ಬೇರೆ ಬೆಲ್ಲ ತೂಗಿಕೊಟ್ಟು ಕಳುಹಿಸಬಹುದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಎಣಿಕೆ ಕಡಿಮೆಯಾಯಿತೆಂದರೆ ಮುಂದಿನ ಲೋಡಿನಲ್ಲಿ ಸರಿಪಡಿಸಬಹುದು. ಬಂದೂಕಿನ ವಿಷಯದಲ್ಲಿ ಇದು ಸಾಧ್ಯವಿಲ್ಲ. 1959ರ ಆಯುಧ ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ, ದುರಸ್ತಿಯನ್ನೂ ಮಾಡುವಂತಿಲ್ಲ. ಪ್ರತಿಯೊಂದು ಬಂದೂಕಿನ ಮೇಲೆ ತಯಾರಕರ ಹೆಸರು ಮತ್ತು ಸಂಖ್ಯೆ ಕೆತ್ತಿರಬೇಕೆಂಬುದು 8ನೇ ಕಲಮಿನ ನಿಯಮ. ಆ ಸಂಖ್ಯೆ ಗ್ರಾಹಕನ ಪರವಾನಗಿಯಲ್ಲಿಯೂ ಅಂಗಡಿಯ ದಾಖಲೆ ಪುಸ್ತಕದಲ್ಲಿಯೂ ನಮೂದಾಗಿರುತ್ತದೆ. ಆದ್ದರಿಂದ "ಇದು ಬೇಡ, ಬೇರೆ ಕೊಡಿ" ಎಂದು ಗಲ್ಲಾದ ಮುಂದೆ ನಿಂತು ಬದಲಾಯಿಸಿಕೊಳ್ಳುವ ಅವಕಾಶ ಇಲ್ಲಿ ಇಲ್ಲ.

ನಮ್ಮ ಜಿಲ್ಲೆಗೂ ಬಂದೂಕಿಗೂ ಏನು ಸಂಬಂಧ ಎಂದು ಭಾವಿಸುವವರು ಮಳವಳ್ಳಿ ತಾಲ್ಲೂಕಿನ ಹಲಗೂರು, ಮುತ್ತತ್ತಿ ಕಡೆಯ ರೈತರನ್ನು ಕೇಳಬೇಕು. ಕಾವೇರಿ ವನ್ಯಜೀವಿಧಾಮದ ಅಂಚಿನ ಹೊಲಗಳಲ್ಲಿ ಕಾಡುಹಂದಿ ಮತ್ತು ಆನೆಗಳ ಕಾಟ ಹೊಸದಲ್ಲ. ಬೆಳೆ ರಕ್ಷಣೆಗಾಗಿ ಬಂದೂಕಿನ ಪರವಾನಗಿ ಪಡೆಯುವ ಅವಕಾಶವನ್ನು ಆಯುಧ ಕಾಯ್ದೆಯ 13ನೇ ಕಲಮು ಒದಗಿಸಿದೆ. ಆದರೆ ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಹೀಗಾಗಿ ಅಲ್ಲಿನ ರೈತನಿಗೆ ತನ್ನ ಬಳಿ ಇರುವ ಹಳೆಯ ಬಂದೂಕೇ ಆಧಾರ. ಅದು ಕೆಟ್ಟರೆ ಪೇಟೆಗೆ ಹೋಗಿ ಮತ್ತೊಂದನ್ನು ತರುವುದು ಸುಲಭದ ಮಾತಲ್ಲ.

ಅಂಗಡಿಯವರ ಸ್ಥಿತಿಯೂ ಇಷ್ಟೇ ನಾಜೂಕಾದುದು. ಅವರ ಇಡೀ ವ್ಯಾಪಾರ ಒಂದು ಪರವಾನಗಿಯ ಮೇಲೆ ನಿಂತಿರುತ್ತದೆ. ದಾಸ್ತಾನು ಪುಸ್ತಕ ಯಾವ ದಿನ ಬೇಕಾದರೂ ತಪಾಸಣೆಗೆ ಒಳಗಾಗಬಹುದು. ಅಧಿಕಾರಿಗಳಿಗೆ ಹೋದ ಒಂದು ಅರ್ಜಿ, ಅದು ನಿಜವಿರಲಿ ಸುಳ್ಳಿರಲಿ, ನವೀಕರಣದ ಸಮಯದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಗ್ರಾಹಕನು ಅಂಗಡಿಯನ್ನು ಬಿಟ್ಟು ಹೋಗಲಾರ, ಅಂಗಡಿಯವರು ಗ್ರಾಹಕನನ್ನು ಕಡೆಗಣಿಸಲಾರರು. ಇಂತಹ ವ್ಯಾಪಾರದಲ್ಲಿ ಜಗಳಕ್ಕೆ ಬಹಳ ಬೆಲೆ ತೆರಬೇಕಾಗುತ್ತದೆ.

ನಡೆದ ಸಂಗತಿ

ಎರಡೂ ಕಡೆಯವರ ಒಪ್ಪಿಗೆ ಪಡೆದು, ಅವರ ಹೆಸರುಗಳನ್ನು ಬಿಟ್ಟು, ಈ ಸಂಗತಿಯನ್ನು ಬರೆಯುತ್ತಿದ್ದೇನೆ. 2024ರ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಮಾರ್ಚ್ 16ರಂದು ಪ್ರಕಟವಾಯಿತು. ಮಂಡ್ಯ ಕ್ಷೇತ್ರದಲ್ಲಿ ಏಪ್ರಿಲ್ 26ರಂದು ಮತದಾನವಾಯಿತು. ಜೂನ್ 4ರಂದು ಎಣಿಕೆ ಮುಗಿದ ಮೇಲೆಯೇ ನೀತಿಸಂಹಿತೆ ತೆರವಾಯಿತು. ಚುನಾವಣೆಯ ಕಾಲದಲ್ಲಿ ಪರವಾನಗಿದಾರರು ತಮ್ಮ ಆಯುಧಗಳನ್ನು ಠೇವಣಿ ಇಡುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಕೆಲವರು ಪೊಲೀಸ್ ಠಾಣೆಯಲ್ಲಿಡುತ್ತಾರೆ, ಕೆಲವರು ಪರವಾನಗಿ ಪಡೆದ ಬಂದೂಕಿನ ಅಂಗಡಿಯಲ್ಲಿ ಶುಲ್ಕ ಕೊಟ್ಟು ಇಡುತ್ತಾರೆ.

ಹಲಗೂರು ಕಡೆಯ ಹಿರಿಯ ರೈತರೊಬ್ಬರು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ತಮ್ಮ ಜೋಡಿನಳಿಗೆಯ ಬಂದೂಕನ್ನು ನೆರೆಯ ಪಟ್ಟಣವೊಂದರ ಅಂಗಡಿಯಲ್ಲಿಟ್ಟರು. ಅಂದು ಅಲ್ಲಿ ಜನವೋ ಜನ. ಅಂಗಡಿಯವರು ಕೊಟ್ಟ ರಸೀದಿಯಲ್ಲಿ ತಯಾರಕರ ಹೆಸರು, ಬಂದೂಕಿನ ಸಂಖ್ಯೆ, ಪರವಾನಗಿಯ ಸಂಖ್ಯೆ, ದಿನಾಂಕ ಎಲ್ಲವೂ ಇದ್ದವು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ಕೊರತೆ ಇರಲಿಲ್ಲ. ಇಲ್ಲದಿದ್ದುದು ಎರಡೇ ಸಾಲು: ನಳಿಗೆಯ ಒಳಭಾಗ ಹೇಗಿದೆ, ಮರದ ಹಿಡಿ ಹೇಗಿದೆ.

ಜೂನ್ ಎರಡನೆಯ ವಾರ ರೈತರು ಬಂದೂಕನ್ನು ಬಿಡಿಸಿಕೊಳ್ಳಲು ಹೋದರು. ಎಡ ನಳಿಗೆಯ ಬಾಯಲ್ಲಿ ತುಕ್ಕು ಕಂಡಿತು. ಹಿಡಿಯಲ್ಲಿ ಬೆರಳುದ್ದದ ಸೀಳು ಇತ್ತು.

"ಸಾಹುಕಾರ್ರೇ, ನಾನು ತಂದು ಕೊಟ್ಟಾಗ ನಳಿಗೆ ಕನ್ನಡಿ ಹಂಗೆ ಹೊಳೀತಿತ್ತು" ಎಂದರು ರೈತರು.

"ಗೌಡ್ರೇ, ನೀವು ತಂದಾಗಲೇ ಹಿಂಗೇ ಇತ್ತು. ನನ್ನ ಬೀರು ತೆಗೆದೇ ಇಲ್ಲ, ಅದರೊಳಗೆ ಹಿಡಿ ಹೆಂಗೆ ಸೀಳ್ತದೆ?" ಎಂದರು ಅಂಗಡಿಯವರು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರಿಗೂ ಹಾಗೆಯೇ ನೆನಪಿತ್ತು. ದಾಖಲೆ ಇಲ್ಲದ ಕಡೆ ಪ್ರತಿಯೊಬ್ಬರ ನೆನಪೂ ಅವರವರ ಪಕ್ಷವನ್ನೇ ವಹಿಸುತ್ತದೆ ಎಂಬುದು ಮೂವತ್ತು ವರ್ಷ ಲೆಕ್ಕಪತ್ರ ನೋಡಿದ ನನ್ನ ಅನುಭವ. ರೈತರು ಪುಸ್ತಕದಲ್ಲಿ ಸಹಿ ಹಾಕದೆ, ಬಂದೂಕನ್ನು ಅಲ್ಲಿಯೇ ಬಿಟ್ಟು ಊರಿಗೆ ಮರಳಿದರು.

ಊರಿನಲ್ಲಿ ಸಲಹೆಗಾರರಿಗೆ ಬರವೇ? ಒಬ್ಬರು, "ಬಂದೂಕು ಬಿಡಿಸ್ಕೊಂಡು ಬಾ, ನಮ್ಮ ಆಚಾರಿ ಸರಿ ಮಾಡ್ತಾನೆ" ಎಂದರು. ಇನ್ನೊಬ್ಬರು ಜಿಲ್ಲಾಧಿಕಾರಿಗಳಿಗೆ ಅರ್ಜಿಯನ್ನೇ ಬರೆದುಕೊಟ್ಟರು. ಅಂಗಡಿಯವರು ಬಂದೂಕಿನ ಭಾಗಗಳನ್ನು ಅದಲು ಬದಲು ಮಾಡುತ್ತಾರೆ, ಅವರ ಪರವಾನಗಿಯನ್ನು ರದ್ದುಪಡಿಸಬೇಕು ಎಂದು ಅದರಲ್ಲಿತ್ತು. ಅಂತಹ ಅನುಮಾನ ರೈತರಿಗೆ ಇರಲಿಲ್ಲ. ಆದರೆ ಹಾಗೆ ಬರೆದರೆ ಕೆಲಸ ಬೇಗ ಆಗುತ್ತದೆ ಎಂದು ಬರೆದವರು ಹೇಳಿದ್ದರು. ಅಂಗಡಿಯ ಪರವಾನಗಿಯ ನವೀಕರಣ ಅದೇ ವರ್ಷ ಬರುವುದಿತ್ತು.

ಆ ರೈತರ ಮಗ ಮದ್ದೂರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ಅವರ ಲೆಕ್ಕಪತ್ರಗಳು ನಮ್ಮ ಕಚೇರಿಯಲ್ಲಿವೆ. ಬಂದೂಕಿನ ಅಂಗಡಿಯ ಲೆಕ್ಕಪತ್ರಗಳೂ ನಮ್ಮಲ್ಲಿಯೇ ಇವೆ. ಅರ್ಜಿಯ ಪ್ರತಿ ಹಿಡಿದು ಮಗ ನನ್ನ ಬಳಿ ಬಂದಾಗ, ಇಬ್ಬರೂ ನನ್ನ ಕಕ್ಷಿದಾರರಾದ್ದರಿಂದ ಯಾರದು ಸರಿ ಎಂದು ಹೇಳುವ ಅರ್ಹತೆ ನನಗಿಲ್ಲವೆಂದು ಮೊದಲೇ ತಿಳಿಸಿದೆ. ಅಂಗಡಿಯವರಿಗೂ ಅದನ್ನೇ ತಿಳಿಸಿದೆ. ನಾನು ಕೊಟ್ಟ ಸಲಹೆ ಒಂದೇ: ಅರ್ಜಿಗೆ ಸಹಿ ಬೀಳುವ ಮೊದಲು, ದುರಸ್ತಿಯ ಪರವಾನಗಿ ಇರುವ ಕುಶಲಕರ್ಮಿಯೊಬ್ಬರನ್ನು ಕರೆಸಿ, ಎಲ್ಲರೂ ಒಟ್ಟಿಗೆ ಕುಳಿತು ಬಂದೂಕನ್ನು ಒಮ್ಮೆ ನೋಡಿ.

ಮೇಜಿನ ಮೇಲೆ ಕಂಡದ್ದು

ಹಾಗೆ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಸೇರಿದೆವು. ಕುಶಲಕರ್ಮಿ ಬಂದೂಕನ್ನು ಮುರಿದು, ಬಾಗಿಲ ಬೆಳಕಿಗೆ ಹಿಡಿದರು. ಎಡ ನಳಿಗೆಯಲ್ಲಿ ತುಕ್ಕಿನ ಪಟ್ಟೆ ಕಂಡಿತು. ಬಲ ನಳಿಗೆಯಲ್ಲಿ ಬೆಳಕೇ ಕಾಣಲಿಲ್ಲ. ಸಲಾಕೆ ಹಾಕಿ ನೋಡಿದಾಗ ಒಳಗಿನಿಂದ ಒಣಮಣ್ಣು ಉದುರಿತು. ಬೇಸಿಗೆಯ ಎರಡು ತಿಂಗಳಲ್ಲಿ ಕುಂಬಾರ ಹುಳು ಒಳಗೆ ಗೂಡು ಕಟ್ಟಿತ್ತು.

ಅಲ್ಲಿಯವರೆಗೆ ಯಾರೂ ಬಲ ನಳಿಗೆಯನ್ನು ನೋಡಿರಲಿಲ್ಲ. ದೂರು ತುಕ್ಕಿನ ಬಗ್ಗೆ ಇತ್ತು, ಜಗಳ ಸೀಳಿನ ಬಗ್ಗೆ ಇತ್ತು. ನಳಿಗೆಯಲ್ಲಿ ಅಡ್ಡಿ ಇದ್ದಾಗ ಗುಂಡು ಹಾರಿಸಿದರೆ ಒತ್ತಡ ಹೊರಹೋಗಲು ದಾರಿ ಸಾಲದೆ ನಳಿಗೆಯೇ ಸಿಡಿಯಬಹುದು. ಬಂದೂಕು ಹಿಡಿದವನ ಎಡಗೈ ಇರುವುದು ಅದೇ ನಳಿಗೆಯ ಕೆಳಗೆ. ರೈತರು ಅಂದು ಸಿಟ್ಟಿನಲ್ಲಿ ಬಂದೂಕನ್ನು ಮನೆಗೆ ಒಯ್ದು, ರಾತ್ರಿ ಹಂದಿಯ ಸದ್ದು ಕೇಳಿ ಕಾಡತೂಸು ತುಂಬಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆ ಮೇಲಿನ ಮಾತು ಬೇರೆಯೇ ಧಾಟಿಯಲ್ಲಿ ನಡೆಯಿತು. "ತಂದು ಕೊಡೋಕೆ ಒಂದು ವಾರ ಮುಂಚೆ ಹಾರಿಸಿದ್ದೆ. ಒರೆಸಿ ಎಣ್ಣೆ ಹಾಕಿರಲಿಲ್ಲ, ಅದು ನನ್ನ ತಪ್ಪೇ" ಎಂದು ರೈತರು ತಾವಾಗಿಯೇ ಹೇಳಿದರು. ಅಂಗಡಿಯವರು ಬೀರು ತೆರೆದು ತೋರಿಸಿದರು. ಬಂದೂಕುಗಳು ಒಂದಕ್ಕೊಂದು ಒರಗಿದ್ದವು. ಹತ್ತು ವಾರಗಳಲ್ಲಿ ಒಮ್ಮೆಯೂ ಎಣ್ಣೆ ಹಾಕಿಲ್ಲ, ನಳಿಗೆಯ ಬಾಯಿಗೆ ಬಟ್ಟೆ ಕಟ್ಟಿಲ್ಲ ಎಂದು ಅವರೂ ಒಪ್ಪಿದರು. ಮಗನ ಮೊಬೈಲಿನಲ್ಲಿ 2023ರ ಆಯುಧಪೂಜೆಯ ದಿನ ತೆಗೆದ ಚಿತ್ರವಿತ್ತು. ಕುಂಕುಮ, ಹೂವಿನ ನಡುವೆ ಹಿಡಿಯಲ್ಲಿ ಸೀಳು ಇರಲಿಲ್ಲ.

ಆದ ಒಪ್ಪಂದ ಹೀಗಿತ್ತು. ಹಿಡಿಯ ದುರಸ್ತಿಯ ವೆಚ್ಚ ಅಂಗಡಿಯದು. ಎರಡು ನಳಿಗೆಗಳನ್ನೂ ಸ್ವಚ್ಛಗೊಳಿಸಿ ಪರೀಕ್ಷಿಸುವ ವೆಚ್ಚ ಇಬ್ಬರಿಗೂ ಸಮಪಾಲು. ಠೇವಣಿಯ ಶುಲ್ಕ ಅಂಗಡಿಯಿಂದ ಹಿಂದಕ್ಕೆ. ಬಂದೂಕು ಬಳಕೆಗೆ ಸುರಕ್ಷಿತವೆಂದು ಕುಶಲಕರ್ಮಿ ಬರೆದು ಕೊಡುವವರೆಗೆ ಅದು ಅಂಗಡಿಯಲ್ಲಿಯೇ ಇರತಕ್ಕದ್ದು. ಒಂದು ಪುಟದಲ್ಲಿ ಇದನ್ನು ಬರೆದು ಇಬ್ಬರೂ ಸಹಿ ಹಾಕಿದರು. ಮೂರು ವಾರಗಳ ನಂತರ ರೈತರು ಬಂದೂಕನ್ನು ಒಯ್ದರು. ಅರ್ಜಿ ಜೇಬಿನಲ್ಲಿಯೇ ಉಳಿಯಿತು. ಮುಂದಿನ ಆಯುಧಪೂಜೆಗೆ ಮೊದಲು ಬಂದೂಕನ್ನು ಒರೆಸಿಕೊಡಲು ಅವರು ಅದೇ ಅಂಗಡಿಗೆ ಹೋದರೆಂದು ನಂತರ ತಿಳಿಯಿತು.

ಕಾನೂನು ಹೇಳುವುದೇನು

ಇದು ಸೌಜನ್ಯದ ಕಥೆ ಮಾತ್ರ ಎಂದು ಸದಸ್ಯರು ತಿಳಿಯಬಾರದು. ಒಪ್ಪಂದವಾಗದಿದ್ದರೆ ಅಂಗಡಿಯವರ ಸ್ಥಿತಿ ಕಷ್ಟವಾಗುತ್ತಿತ್ತು. ಮತ್ತೊಬ್ಬರ ವಸ್ತುವನ್ನು ಕಾಪಾಡಲು ಪಡೆದವನು, ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುವನೋ ಅಷ್ಟು ಜಾಗ್ರತೆ ವಹಿಸಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮು ವಿಧಿಸುತ್ತದೆ. ಶುಲ್ಕ ಪಡೆದರೂ ಪಡೆಯದಿದ್ದರೂ ಈ ಕರ್ತವ್ಯ ತಪ್ಪದು. ಶುಲ್ಕ ಪಡೆದಿದ್ದರೆ ಅದು ಗ್ರಾಹಕ ಕಾನೂನಿನ ಪ್ರಕಾರ ಸೇವೆಯೂ ಆಗುತ್ತದೆ.

1986ರ ಗ್ರಾಹಕ ಕಾಯ್ದೆಯ ಜಾಗದಲ್ಲಿ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಇದರ ಕೆಲವು ಅಂಶಗಳನ್ನು ನಮ್ಮ ಸದಸ್ಯರು ಇನ್ನೂ ಗಮನಿಸಿದಂತೆ ಕಾಣುವುದಿಲ್ಲ.

1. ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ಮಳವಳ್ಳಿಯ ರೈತನು ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಮದ್ದೂರಿನ ತಯಾರಕನ ಮೇಲೆ ಬೀದರಿನ ಗ್ರಾಹಕ ಬೀದರಿನಲ್ಲಿಯೇ ದೂರು ಕೊಡಬಹುದು.

2. ಕೊಟ್ಟ ಬೆಲೆ ರೂ. 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ದೂರು ಸಲ್ಲಿಸಲು ಎರಡು ವರ್ಷಗಳ ಕಾಲಾವಕಾಶವಿದೆ.

3. ನೋಟೀಸು ತಲುಪಿದ 30 ದಿನಗಳಲ್ಲಿ ವ್ಯಾಪಾರಿ ಉತ್ತರ ಸಲ್ಲಿಸಬೇಕು. ಹೆಚ್ಚೆಂದರೆ ಇನ್ನೂ 15 ದಿನ ಸಿಗಬಹುದು. 45 ದಿನಗಳನ್ನು ಮೀರಿ ಅವಕಾಶ ಕೊಡುವ ಅಧಿಕಾರ ಆಯೋಗಕ್ಕೆ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ತೀರ್ಪು ನೀಡಿದೆ. ನೋಟೀಸನ್ನು ಮೇಜಿನ ಖಾನೆಯಲ್ಲಿಟ್ಟು ಮರೆಯುವ ಅಭ್ಯಾಸಕ್ಕೆ ಈಗ ಎಡೆಯಿಲ್ಲ.

4. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿ. ಲೇಖನದ ಮೊದಲಿನಲ್ಲಿ ಹೇಳಿದ ಎರಡನೆಯ ಫಲಕವನ್ನು ಗೋಡೆಯಿಂದ ಇಳಿಸಲು ಇಷ್ಟು ಕಾರಣ ಸಾಕು.

5. ದೋಷವುಳ್ಳ ಸರಕಿನಿಂದ ದೇಹಕ್ಕೋ ಆಸ್ತಿಗೋ ಹಾನಿಯಾದರೆ ತಯಾರಕ, ಸೇವೆ ನೀಡಿದವ ಮತ್ತು ಮಾರಾಟಗಾರ ಇವರ ಹೊಣೆಯನ್ನು ಇದೇ ಕಾಯ್ದೆಯ 6ನೇ ಅಧ್ಯಾಯ ನಿರ್ಧರಿಸಿದೆ. ಮಣ್ಣು ತುಂಬಿದ ನಳಿಗೆ ಸಿಡಿದಿದ್ದರೆ ಮಾತು ಶುಲ್ಕದ ಮರುಪಾವತಿಯಲ್ಲಿ ಮುಗಿಯುತ್ತಿರಲಿಲ್ಲ.

6. ದೂರು ದಾಖಲಾದ ಮೇಲೂ ರಾಜಿಗೆ ದಾರಿಯಿದೆ. ಇತ್ಯರ್ಥದ ಸಾಧ್ಯತೆ ಕಂಡರೆ, ಎರಡೂ ಕಡೆಯವರ ಲಿಖಿತ ಒಪ್ಪಿಗೆಯ ಮೇಲೆ ಆಯೋಗವು ಪ್ರಕರಣವನ್ನು ಮಧ್ಯಸ್ಥಿಕೆಗೆ ಒಪ್ಪಿಸಬಹುದು. ಒಪ್ಪಿಗೆ ಕೊಡುವುದೆಂದರೆ ತಪ್ಪು ಒಪ್ಪಿಕೊಂಡಂತೆ ಅಲ್ಲ.

ಎರಡು ಆಕ್ಷೇಪಗಳು

ಈ ವಿಷಯವನ್ನು ಕೆಲವು ವ್ಯಾಪಾರಿ ಮಿತ್ರರ ಮುಂದೆ ಇಟ್ಟಾಗ ಎರಡು ಆಕ್ಷೇಪಗಳು ಬಂದವು. ಮೊದಲನೆಯದು ಸಮಯದ್ದು. ಚುನಾವಣೆಯ ವಾರ ಸಾಲುಗಟ್ಟಿ ನಿಂತ ಜನರ ಪ್ರತಿಯೊಂದು ಬಂದೂಕನ್ನೂ ಬಿಚ್ಚಿ ನೋಡಿ ಬರೆಯುವುದು ಆಗದ ಮಾತು ಎಂದರು. ನಳಿಗೆ, ಹಿಡಿ, ಕುದುರೆ, ಹೊರಮೈ ಎಂದು ನಾಲ್ಕು ಅಂಶಗಳನ್ನು ಮೊದಲೇ ಮುದ್ರಿಸಿಟ್ಟ ರಸೀದಿಯಲ್ಲಿ ಗುರುತು ಹಾಕಿ, ಗ್ರಾಹಕನ ಎದುರಿಗೆ ಎರಡು ಚಿತ್ರ ತೆಗೆಯಲು ಮೂರು ನಿಮಿಷ ಸಾಕು. ಆ ಮೂರು ನಿಮಿಷ ಉಳಿಸಿದ ಅಂಗಡಿಯವರು ಜೂನ್ ತಿಂಗಳಲ್ಲಿ ಎಷ್ಟು ದಿನಗಳನ್ನು ಕಳೆದುಕೊಂಡರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯ ಆಕ್ಷೇಪ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಬಂದು ಕೇಳುತ್ತಾರೆ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಕೂಗಾಡಿದವರಿಗೆ ಮಾತ್ರ ಕೊಡುವ ಅಂಗಡಿಯಲ್ಲಿ ಎಲ್ಲರೂ ಕೂಗಾಡಲು ಕಲಿಯುತ್ತಾರೆ. ಆದರೆ ಸರಕನ್ನು ಒಟ್ಟಿಗೆ ನೋಡಿ, ಕಾರಣ ಬರೆದು, ತನ್ನ ಪಾಲಿನಷ್ಟನ್ನು ಮಾತ್ರ ಒಪ್ಪುವ ಅಂಗಡಿಯಲ್ಲಿ ಸುಳ್ಳು ದೂರು ನಿಲ್ಲುವುದಿಲ್ಲ. ನಮ್ಮ ಪ್ರಕರಣದಲ್ಲಿ ನಳಿಗೆಯ ವೆಚ್ಚದ ಅರ್ಧವನ್ನು ರೈತರೇ ಭರಿಸಿದರು, ಅದೂ ಬೇಸರವಿಲ್ಲದೆ.

ಗ್ರಾಹಕರಿಗೂ ಒಂದು ಮಾತು

ನಾವು ವ್ಯಾಪಾರಿಗಳೂ ಹೌದು, ಮತ್ತೊಬ್ಬರ ಗ್ರಾಹಕರೂ ಹೌದು. ಆದ್ದರಿಂದ ಮತ್ತೊಂದು ಪಕ್ಷವನ್ನೂ ಹೇಳಬೇಕು. ಸರಕಿನ ದೋಷದ ದೂರನ್ನು ಪರವಾನಗಿ ರದ್ದತಿಯ ಅರ್ಜಿಯನ್ನಾಗಿ ಮಾರ್ಪಡಿಸುವುದು ನ್ಯಾಯವಲ್ಲ. ಹಣ ಕೈಸೇರಲೆಂದು ಇಲ್ಲದ ಆರೋಪವನ್ನು ಬರೆದರೆ, ನಿಜವಾದ ದೂರೂ ಅದರೊಂದಿಗೆ ಬಿದ್ದುಹೋಗುತ್ತದೆ. ಆ ಅರ್ಜಿ ಹೋಗಿದ್ದರೆ ಬಂದೂಕು ತನಿಖೆಯ ವಸ್ತುವಾಗಿ ಎಷ್ಟು ತಿಂಗಳು ಅಲ್ಲಿಯೇ ಉಳಿಯುತ್ತಿತ್ತೋ ಹೇಳಲಾಗದು. ಆ ವರ್ಷದ ರಾಗಿಗೆ ಕಾವಲು ಇರುತ್ತಿರಲಿಲ್ಲ.

ಊರಿನ ಆಚಾರಿಯಿಂದ ದುರಸ್ತಿ ಮಾಡಿಸುವ ಸಲಹೆಯಂತೂ ಎಲ್ಲಕ್ಕಿಂತ ಅಪಾಯಕಾರಿ. ಪರವಾನಗಿ ಇಲ್ಲದೆ ಬಂದೂಕನ್ನು ದುರಸ್ತಿ ಮಾಡುವುದು ಆಯುಧ ಕಾಯ್ದೆಯ 25ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷಗಳ ಸೆರೆವಾಸವಿದೆ. ಉಪಕಾರ ಮಾಡಲು ಹೋದ ಆಚಾರಿ ಜೈಲು ಸೇರುತ್ತಾನೆ, ದೋಷ ಯಾರದೆಂಬ ಸಾಕ್ಷ್ಯವೂ ಅಳಿದುಹೋಗುತ್ತದೆ.

ಹಾಗೆಂದು ಎಲ್ಲವನ್ನೂ ರಾಜಿಯಲ್ಲಿ ಮುಗಿಸಬೇಕೆಂದು ನಾನು ಹೇಳುತ್ತಿಲ್ಲ. ಬಂದೂಕಿನ ಸಂಖ್ಯೆ ಅಳಿಸಿದ್ದರೆ, ಬಿಲ್ಲಿಲ್ಲದೆ ಮಾರಿದ್ದರೆ, ಪರವಾನಗಿ ಇಲ್ಲದವರ ಕೈಗೆ ಕೊಟ್ಟಿದ್ದರೆ ಅದು ಗ್ರಾಹಕನ ದೂರಿನ ವಿಷಯವಲ್ಲ. ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಅದರ ಮೇಲೆ ಒಪ್ಪಂದ ಬರೆಯುವವರು ಅಪರಾಧದಲ್ಲಿ ಪಾಲುದಾರರಾಗುತ್ತಾರೆ. ಕಲಬೆರಕೆ ಆಹಾರ, ನಕಲಿ ಕೀಟನಾಶಕದ ವಿಷಯದಲ್ಲಿಯೂ ಇದೇ ಮಾತು. ಯಾವುದನ್ನು ಮೇಜಿನ ಮೇಲೆ ಮುಗಿಸಬಹುದು, ಯಾವುದನ್ನು ಮುಗಿಸಬಾರದು ಎಂಬ ವಿವೇಕವೇ ಇಲ್ಲಿ ಮುಖ್ಯ.

ಲೆಕ್ಕದ ಪುಸ್ತಕದಲ್ಲಿ

ನನ್ನ ವೃತ್ತಿಗೆ ಸಂಬಂಧಿಸಿದ ಕೆಲವು ಸೂಚನೆಗಳನ್ನು ಇಲ್ಲಿ ಸೇರಿಸುತ್ತೇನೆ. ದೂರು ಇತ್ಯರ್ಥವಾದಾಗ ಸಹಿಯಾದ ಒಪ್ಪಂದಪತ್ರವೇ ನಿಮ್ಮ ವೋಚರು. ಅದಿಲ್ಲದೆ ಕೊಟ್ಟ ಹಣ ಲೆಕ್ಕದಲ್ಲಿ ಅನಾಥವಾಗುತ್ತದೆ. ಒಬ್ಬರಿಗೆ ಒಂದು ದಿನ ರೂ. 10,000 ಮೀರಿ ನಗದಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ವೆಚ್ಚವೆಂದು ಒಪ್ಪುವುದಿಲ್ಲವಾದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸಿ. ಸರಕು ಹಿಂದಕ್ಕೆ ಬಂದಾಗ, ಅಥವಾ ಸೇವೆಯಲ್ಲಿ ಕೊರತೆಯಾಗಿ ಬಿಲ್ಲಿನ ಮೊತ್ತ ಇಳಿಸಿದಾಗ, ಜಿ.ಎಸ್.ಟಿ. ಕಾಯ್ದೆಯ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲು ಸಲ್ಲಿಸಿದರೆ ಆ ದಿನದೊಳಗೆ, ಅದನ್ನು ರಿಟರ್ನಿನಲ್ಲಿ ತೋರಿಸದಿದ್ದರೆ ಕಟ್ಟಿದ ತೆರಿಗೆಯನ್ನು ಇಳಿಸಿಕೊಳ್ಳಲಾಗದು. ವಾರಂಟಿಯ ಅವಧಿಯಲ್ಲಿ ಉಚಿತವಾಗಿ ಬಿಡಿಭಾಗ ಬದಲಾಯಿಸಿಕೊಟ್ಟರೆ ಅದಕ್ಕೆ ಮತ್ತೆ ತೆರಿಗೆ ಇಲ್ಲ, ತಯಾರಕನು ಹೂಡುವಳಿ ತೆರಿಗೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ ಸುತ್ತೋಲೆ ಸ್ಪಷ್ಟಪಡಿಸಿದೆ. ತೆರಿಗೆಯ ಭಯದಿಂದ ವಾರಂಟಿಯನ್ನು ನಿರಾಕರಿಸುವ ಸಣ್ಣ ತಯಾರಕರು ಇದನ್ನು ಗಮನಿಸಬೇಕು.

ಇದಕ್ಕಿಂತ ಮುಖ್ಯವಾದುದು ದೂರುಗಳ ಪುಸ್ತಕ. ಯಾವ ದಿನ, ಯಾವ ಬಿಲ್ಲಿನ ಮೇಲೆ, ಏನು ದೂರು, ಏನು ಉತ್ತರ ಎಂದು ನಾಲ್ಕು ಕಲಮುಗಳ ಪುಸ್ತಕ ಸಾಕು. ವರ್ಷದ ಕೊನೆಗೆ ಅದನ್ನು ಒಮ್ಮೆ ಓದಿದರೆ, ಯಾವ ಸರಕು, ಯಾವ ಸರಬರಾಜುದಾರ, ಯಾವ ಕೆಲಸಗಾರ ನಿಮಗೆ ನಷ್ಟ ತರುತ್ತಿದ್ದಾರೆ ಎಂಬುದು ಲಾಭನಷ್ಟದ ತಖ್ತೆಗಿಂತ ಮೊದಲೇ ತಿಳಿಯುತ್ತದೆ.

ನಮ್ಮ ಸಂಸ್ಥೆ ಮಾಡಬಹುದಾದುದು

ಬಂದೂಕಿನ ಅಂಗಡಿ ಒಂದು ನಿಮಿತ್ತ ಮಾತ್ರ. ಮತ್ತೊಬ್ಬರ ವಸ್ತುವನ್ನು ಕೈಗೆ ತೆಗೆದುಕೊಳ್ಳುವ ಪ್ರತಿಯೊಬ್ಬ ಸದಸ್ಯನಿಗೂ ಈ ಮಾತು ಅನ್ವಯಿಸುತ್ತದೆ. ರೈತನ ಭತ್ತವನ್ನು ಪಡೆಯುವ ಗಿರಣಿ, ಸುಟ್ಟ ಮೋಟಾರನ್ನು ಪಡೆಯುವ ರೀವೈಂಡಿಂಗ್ ಅಂಗಡಿ, ದೊಡ್ಡ ಕಾರ್ಖಾನೆಯ ಕಚ್ಚಾ ಮಾಲನ್ನು ಜಾಬ್‌ವರ್ಕಿಗೆ ಪಡೆಯುವ ಸಣ್ಣ ಘಟಕ, ಎಲ್ಲರೂ ಸಂಖ್ಯೆ ಮತ್ತು ತೂಕವನ್ನು ಬರೆಯುತ್ತಾರೆ. ಸ್ಥಿತಿಯನ್ನು ಬರೆಯುವವರು ವಿರಳ. ಭತ್ತದ ತೇವಾಂಶ ಎಷ್ಟಿತ್ತು, ಮೋಟಾರಿನ ಬೇರಿಂಗ್ ಹೇಗಿತ್ತು ಎಂಬ ಒಂದು ಸಾಲು ಮುಂದಿನ ತಿಂಗಳ ಜಗಳವನ್ನು ಇಂದೇ ತಪ್ಪಿಸುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದಾಗಿ, ಸರಕಿನ ಸ್ಥಿತಿಯನ್ನು ನಮೂದಿಸುವ ಮಾದರಿ ರಸೀದಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಎರಡನೆಯದಾಗಿ, ತಿಂಗಳಿಗೆ ಒಂದು ದಿನ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಸರದಿಯಂತೆ, ಒಬ್ಬ ವ್ಯಾಪಾರಿ, ಆಯಾ ಸರಕಿನ ಒಬ್ಬ ತಜ್ಞ ಮತ್ತು ವ್ಯಾಪಾರಕ್ಕೆ ಸೇರದ ಒಬ್ಬ ಹಿರಿಯರು ಕುಳಿತು ದೂರುಗಳನ್ನು ಕೇಳುವ ವ್ಯವಸ್ಥೆಯಾಗಬೇಕು. ಅವರು ತೀರ್ಪು ಕೊಡುವುದು ಬೇಡ, ಸರಕನ್ನು ಎರಡೂ ಕಡೆಯವರ ಮುಂದೆ ಬಿಚ್ಚಿ ನೋಡಿದರೆ ಸಾಕು. ಅಲ್ಲಿ ತೃಪ್ತಿಯಾಗದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಮತ್ತು ಜಿಲ್ಲಾ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಮೂರನೆಯದಾಗಿ, ಮುಂದಿನ ಚುನಾವಣೆಗೆ ಮೊದಲೇ ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸಿ, ಬಂದೂಕುಗಳನ್ನು ಠೇವಣಿ ಪಡೆಯುವಾಗ ಠಾಣೆಯಲ್ಲಾಗಲಿ ಅಂಗಡಿಯಲ್ಲಾಗಲಿ ಅವುಗಳ ಸ್ಥಿತಿಯನ್ನು ಬರೆದು ಸಹಿ ಪಡೆಯುವಂತೆ, ಹಿಂದಿರುಗಿಸುವಾಗ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸುವಂತೆ ಸೂಚನೆ ಕೊಡಿಸಬೇಕು. ಇದಕ್ಕೆ ಸರ್ಕಾರದ ಖಜಾನೆಯಿಂದ ಹಣ ಬೇಕಿಲ್ಲ.

ಆ ಅಂಗಡಿಯವರು ಈಗ ಹೊಸ ರಸೀದಿ ಪುಸ್ತಕ ಮುದ್ರಿಸಿಕೊಂಡಿದ್ದಾರೆ. ಅದರಲ್ಲಿ ಎರಡು ಸಾಲು ಹೆಚ್ಚಾಗಿವೆ. ಮುದ್ರಣದ ವೆಚ್ಚ ಎಷ್ಟು ಹೆಚ್ಚಾಯಿತೆಂದು ನಾನು ಕೇಳಿದೆ. "ಏನೂ ಇಲ್ಲ ಆಡಿಟರ್ರೇ, ಕಾಗದ ಅಷ್ಟೇ ಅಗಲ" ಎಂದರು. ಸದಸ್ಯ ಬಾಂಧವರು ತಮ್ಮ ತಮ್ಮ ರಸೀದಿ ಪುಸ್ತಕಗಳನ್ನು ಇಂದೇ ಒಮ್ಮೆ ತೆರೆದು ನೋಡಬೇಕೆಂಬುದು ನನ್ನ ವಿನಮ್ರ ಕೋರಿಕೆ.